ತಂದಲ್ಲೇ ಬಿಡಬೇಕು

ಮೊನ್ನೆ ಶ್ರೀಖಂಡ ಮಾಡೋಣವೆಂದು ಮೊಸರು ಕಟ್ಟಿ ತೂಗುಹಾಕಿದ್ದೆ. ಬೆಳಿಗ್ಗೆ ಆ ಅರಿವೆಯನ್ನು ತೊಳೆದು ಹಿಂಡುವಾಗ ಒದ್ದೆ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬಂತು... ಕೈ ಅಲ್ಲೇ ನಿಂತಿತು. ಅರಿವೆಯನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಏನಾದರೂ ಹರಿದಾಡುತ್ತಿದೆಯೇ ಎಂದು ನೋಡಿದೆ. ಮೊಸರಿನ ಅರಿವೆಯಲ್ಲಿ ಏನು ಹರಿದಾಡುತ್ತದೆ, ನನ್ನ ತಲೆ! ಆದರೂ ನೋಡಿದೆ. ಈ ಚಾಳಿ ನನಗೆ ಹಚ್ಚಿದವಳು ಆಯಿ.

ಆಯಿ ನನಗೆ ಸಂಬಂಧಿಯಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗೋಕಾಕ, ಹುಕ್ಕೇರಿ ಕಡೆಯ ಕೆರೆಗಳ ಆರೋಗ್ಯ ನೋಡುವ ಕೆಲಸವೊಂದು ನನಗೆ ಧಾರವಾಡದ ಸರಕಾರಿ ಕಚೇರಿಯಿಂದ ಸಿಕ್ಕಿತ್ತು. ಅಂದರೆ ನಿಂತ ನೀರಿನಲ್ಲಿ ಎಂಥ ಹುಳಗಳಿವೆ, ದಂಡೆಯ ಜೊಂಡು ಹೇಗಿದೆ, ಕೆಸರು ಹೇಗೆ ನಾರುತ್ತದೆ, ಯಾವ ಹಕ್ಕಿ ಬರುತ್ತದೆ ಎಂದು ತಿಂಗಳುಗಟ್ಟಲೆ ನೋಡಿ ಬರೆಯುವುದು. ಮೂಡಲಗಿಯಿಂದ ಬಸ್ಸು ಹಿಡಿದು ಹೋಗುವ ಒಂದು ಊರಿನಲ್ಲಿ, ಕೆರೆಯ ಎದುರಿಗೇ ಇದ್ದ ಜೈನ ಒಕ್ಕಲಿಗರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ದೊರೆಯಿತು. ಆ ಮನೆಯ ಹಿರಿಯಳನ್ನು ಇಡೀ ಊರು ಆಯಿ ಎನ್ನುತ್ತಿತ್ತು. ಗಂಡನಿರಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳಿದ್ದರು.

ಸಂಶಯ ಎಂದರೆ ಆಯಿಯದು ಸಂಶಯ! ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವಳು. ನಾನು ಗೋಕಾಕಕ್ಕೆ ಹೋಗಿಬಂದಾಗಲೆಲ್ಲ ನನ್ನ ಚೀಲ ಮೂಸುವಳು, ಆ ಮನೆಗೆ ವರ್ಜ್ಯವಾದ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಂದಿದ್ದೇನೆಯೇ ಎಂದು. "ಅಲ್ಲ ತಂಗಿ, ಹುಳಾ ನೋಡಾಕ ಸರಕಾರ ಪಗಾರ ಕೊಡ್ತೈತಿ ಅಂದ್ರ ಯಾರ್ ನಂಬ್ತಾರ? ಖರೆ ಹೇಳು, ಯಾಕ ಬಂದಿ?" ಎಂದು ದಿನಾ ಕೇಳುವಳು. ಊರವರಿಗೂ ಅದೇ ಗುಮಾನಿ. ನೀರು ಹಿಂದೆ ಸರಿದಂತೆಲ್ಲ ಕೆರೆಯ ಅಂಗಳವನ್ನು ಉತ್ತು ಬೆಳೆ ತೆಗೆಯುತ್ತಿದ್ದವರು ಬಹಳ ಮಂದಿ. ನಾನು ಅಳತೆ ಮಾಡಿ ಅವರನ್ನು ಎಬ್ಬಿಸಲು ಬಂದವಳು ಎಂದು ಮಾತಾಗಿತ್ತು. ನಾನು ಹಾದು ಹೋದರೆ ಕಟ್ಟೆಯ ಮೇಲಿನ ಹರಟೆ ಗಪ್ಪಾಗುತ್ತಿತ್ತು.

ಆ ಊರಿನ ಕೈಪಂಪಿನ ನೀರು ಸವಳು. ಬಸದಿಯ ಬಾವಿ ಊರಾಚೆ ದೂರ, ಹಾಗಾಗಿ ಕುಡಿಯುವುದಕ್ಕೆ ಕೆರೆಯೇ ಗತಿ. ಆಯಿ ಬೆಳಿಗ್ಗೆ ತಾನೇ ಹೋಗಿ ಕೊಡ ತುಂಬಿ ತರುತ್ತಿದ್ದಳು. ಎರಡು ಪದರು ಮಾಡಿದ ಬಿಳಿ ಅರಿವೆಯಲ್ಲಿ ಸೋಸುತ್ತಿದ್ದಳು. ಅವರ ಮನೆತನದಲ್ಲಿ ಸೋಸದ ನೀರು ಮುಟ್ಟುವಂತಿರಲಿಲ್ಲ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅರಿವೆಯಲ್ಲಿ ಉಳಿದ ಸಣ್ಣ ಸಣ್ಣ ಜೀವಗಳನ್ನು, ಸೋಸಿದ ನೀರನ್ನೇ ಮೆಲ್ಲಗೆ ಹನಿಸಿ ಒಂದು ಚರಿಗೆಗೆ ಇಳಿಸಿ, ಆ ಚರಿಗೆಯನ್ನು ಮತ್ತೆ ಕೆರೆಗೆ ಒಯ್ದು, ಕೊಡ ತುಂಬಿದ ಜಾಗದಲ್ಲೇ ಬಿಟ್ಟು ಬರುತ್ತಿದ್ದಳು. ಮಳೆಯಿರಲಿ, ಜ್ವರವಿರಲಿ, ತಪ್ಪಿಸಿದ್ದನ್ನು ನಾನು ಕಾಣೆ.

ಇಂಥ ಮನೆಯಲ್ಲಿ ನಾನು ಮಂಚದ ಕೆಳಗೆ ಸ್ಪಿರಿಟ್ ತುಂಬಿದ ಬಾಟಲಿಗಳನ್ನು ಇಟ್ಟಿದ್ದೆ! ಬಲೆಗೆ ಬಿದ್ದ ನೀರುಹುಳಗಳನ್ನು ಅದರಲ್ಲಿ ಹಾಕಿಟ್ಟು ಆಮೇಲೆ ಗುರುತಿಸುವುದು ನಮಗೆ ಕಲಿಸಿದ ಕ್ರಮ. ಕಸ ಗುಡಿಸುವ ನೆಪದಲ್ಲಿ ಒಳಗೆ ಬಂದ ಆಯಿ ಒಂದು ಬಾಟಲಿ ಎತ್ತಿ ನೋಡಿದಳು. ಏನೂ ಕೂಗಾಡಲಿಲ್ಲ. ನನ್ನ ಹಾಸಿಗೆ ಸುತ್ತಿ ತಂದು ಹೊರಗಿನ ಕಟ್ಟೆಯ ಮೇಲಿಟ್ಟಳು. "ನನ್ನ ಮನ್ಯಾಗ ಕೊಲಿ ನಡ್ಯಂಗಿಲ್ಲ. ನಡಿ" ಎಂದಳು. ನಾನು ಕೈಮುಗಿದೆ, ವಾದ ಮಾಡಿದೆ, ಕಡೆಗೆ ಅತ್ತೂ ಬಿಟ್ಟೆ. ಆಮೇಲೆ ಒಂದು ಒಪ್ಪಂದವಾಯಿತು. ಹುಳವನ್ನು ಬಿಳಿ ತಟ್ಟೆಯಲ್ಲಿ ಜೀವಂತ ನೋಡಬೇಕು, ಬರೆದುಕೊಳ್ಳಬೇಕು, ತಂದಲ್ಲೇ ಬಿಡಬೇಕು.

ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಎಲ್ಲಿಯದು? ನನ್ನ ಹಿಂದೆಯೇ ಕೆರೆಗೆ ಬರತೊಡಗಿದಳು. ನಾನು ತಟ್ಟೆ ಬಗ್ಗಿಸುವಾಗ ಮೈಮೇಲೆ ಬಂದು ನಿಲ್ಲುವಳು. "ಏ, ಆ ದಂಡಿ ಹುಳಾ ಈ ದಂಡಿಗೆ ಯಾಕ ಬಿಡ್ತಿ? ಅದರ ಮನಿ ಅಲ್ಲೈತಿ" ಎಂದು ಗದರುವಳು. ಸೊಂಟ ಹಿಡಿದುಕೊಂಡು ನಾನು ಮತ್ತೆ ಆ ದಂಡೆಗೆ ನಡೆಯಬೇಕು! ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಆದರೆ ಕೆಲವೊಮ್ಮೆ ತಟ್ಟೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಕಾಲಾಡಿಸುವಾಗ ನಾವಿಬ್ಬರೂ ತಲೆಗೆ ತಲೆ ತಾಗುವಷ್ಟು ಬಾಗಿ ನೋಡುತ್ತಿದ್ದೆವು... ಆಗ ಅವಳ ಮುಖ ಬೇರೆಯೇ ಇರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಕೆರೆಯ ನೀರು ತಿಳಿಯಾಯಿತು. ಎಂಥ ತಿಳಿ! ಕೆಳಗಿನ ಕಲ್ಲು ಕಾಣುವಷ್ಟು. ಊರಿಗೆ ಊರೇ ಹಿಗ್ಗಿತು. "ಈ ವರ್ಷ ನೀರು ಗಾಜಿನಂಗ ಆಗೇತಿ ನೋಡ್ರಿ, ಒಂದ ಹುಳಾ ಇಲ್ಲ" ಎಂದು ನೀರಿಗೆ ಬಂದ ಹೆಂಗಸರು ನನಗೇ ಹೇಳಿದರು. ನನ್ನ ತಟ್ಟೆಯಲ್ಲಿಯೂ ಏನೂ ಇರಲಿಲ್ಲ. ಏನೂ ಎಂದರೆ ಏನೂ ಇಲ್ಲ. ಆಯಿ ಅರಿವೆಯನ್ನು ಬಿಸಿಲಿಗೆ ಹಿಡಿದು, ಮಗುಚಿ, ಮತ್ತೆ ಹಿಡಿದು ನೋಡಿದಳು. ಖಾಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಹೊಳೆದಿತ್ತು.

ಅವಳ ಸಂಶಯ ಮೊದಲು ಬಂದದ್ದು ನನ್ನ ಮೇಲೆಯೇ. "ಎಲ್ಲಾ ಬಾಟ್ಲಿ ತುಂಬಿ ಧಾರವಾಡಕ್ಕ ಕಳಿಸಿಯೇನ?" ಎಂದು ನನ್ನ ಟ್ರಂಕು ಬಿಚ್ಚಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಟ್ರಂಕಿನಲ್ಲಿ ಏನೂ ಸಿಗದಿದ್ದಾಗ ಎಮ್ಮೆ ತೊಳೆಯುವವರನ್ನು ಹಿಡಿದಳು, ಮೀನು ಹಿಡಿಯುವವರೊಡನೆ ಜಗಳ ಕಾಯ್ದಳು. ನಾನೋ ಒಂದು ಕಡೆಯ ದಂಡೆಯನ್ನೇ ನೋಡುತ್ತಿದ್ದೆ. ಅಲ್ಲಿ ಜೊಂಡು ಸುಟ್ಟಂತೆ ಒಣಗಿ ನಿಂತಿತ್ತು. ಒಣಗಿದ ಪಟ್ಟಿ ಶುರುವಾಗುವುದು ಆಯಿಯ ಮಗನ ಕಬ್ಬಿನ ಅಂಚಿನಿಂದ, ಮುಗಿಯುವುದೂ ಅಲ್ಲಿಗೇ. ಆದರೆ ಅನ್ನ ಹಾಕುವ ಮನೆಯ ಮಗನ ಮೇಲೆ ಹೇಗೆ ಬಾಯಿಬಿಡುವುದು? ಬರಿಯ ಗುಮಾನಿ ಅದು.

ಕಡೆಗೆ ಅವನನ್ನು ಹಿಡಿದುಕೊಟ್ಟದ್ದು ಅವನ ಪ್ರೀತಿಯೇ. ಒಂದು ದಿನ ಬೆಳಿಗ್ಗೆ ಸೈಕಲ್ಲಿಗೆ ತಗಡಿನ ಡಬ್ಬ ಕಟ್ಟಿಕೊಂಡು, ಹೊಲದ ಬೋರಿನ ನೀರು ತಂದು ಅಡುಗೆಮನೆಯಲ್ಲಿ ಇಳಿಸಿದ. "ಆಯಿ, ಇನ್ನ ಮ್ಯಾಲ ನೀ ಕೆರಿಗೆ ಹೋಗಬ್ಯಾಡ. ವಯಸ್ಸಾತು. ನಾ ದಿನಾ ತರ್ತೀನಿ" ಎಂದ. ಸೊಸೆ ಹೌದೌದೆಂದಳು. ಬೇರೆ ತಾಯಿಯಾಗಿದ್ದರೆ ಕಣ್ಣಲ್ಲಿ ನೀರು ತರುತ್ತಿದ್ದಳು. ಆಯಿ ಸೆರಗು ಸರಿಮಾಡಿಕೊಂಡು ಅವನನ್ನೇ ದಿಟ್ಟಿಸಿದಳು.

"ಮೊಣಕಾಲು ನೋಯ್ತಾವು, ಒಂದ ಕೊಡ ತಂದ ಕೊಡೋ ಅಂತ ಎಷ್ಟ ವರ್ಷ ಅಂದೇನಿ. ಆಗ ಬರಲಾರದ ಕಾಳಜಿ ಈಗ ಎಲ್ಲಿಂದ ಬಂತು? ಕೆರ್ಯಾಗ ಏನ್ ಹಾಕಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ನಾ ಏನೂ ಹಾಕಿಲ್ಲ" ಎಂದವನು ಡಬ್ಬವನ್ನು ಗೋಡೆಯ ಕಡೆ ಸರಿಸುತ್ತ, "ಜೊಂಡಿಗೆ ಒಂದೀಟ ಎಣ್ಣಿ ಹೊಡದೇನಿ, ಪಂಪ ಅಲ್ಲೇ ತೊಳದೇನಿ, ಅಷ್ಟ. ಎಲ್ಲಾರೂ ತೊಳಿತಾರ" ಎಂದ. ಬೆಳೆಗೆ, ಕಳೆಗೆ ಹೊಡೆಯುವ ವಿಷಕ್ಕೆಲ್ಲ ಅಲ್ಲಿ ಎಣ್ಣೆ ಎಂದೇ ಹೆಸರು. ಜೊಂಡು ಸುಟ್ಟರೆ ಕಬ್ಬನ್ನು ಇನ್ನಷ್ಟು ಕೆಳಗೆ ಇಳಿಸಬಹುದು ಎಂಬ ಲೆಕ್ಕ ಅವನದು. ತನ್ನ ಮಕ್ಕಳಿಗೆ ಬೋರಿನ ನೀರು, ಊರ ಮಕ್ಕಳಿಗೆ ಅದೇ ಕೆರೆ... ಆಯಿ ಎದ್ದಳು.

ನೇರ ಕೆರೆಯ ಮೆಟ್ಟಿಲಿಗೆ ಹೋಗಿ ನಿಂತು, "ಯಾರೂ ನೀರ ತುಂಬಬ್ಯಾಡ್ರವಾ. ನನ್ನ ಮಗಾ ಎಣ್ಣಿ ಪಂಪ ತೊಳದಾನ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಸೊಸಿ ಮ್ಯಾಲಿನ ಸಿಟ್ಟು ಇಲ್ಲಿ ತೀರಸಾಕತ್ತಾಳ ಮುದುಕಿ" ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು ನನ್ನತ್ತ ತಿರುಗಿ, "ಖರೆ ಏನ್ರಿ ಅಕ್ಕಾರ?" ಎಂದಳು. ಖರೆ ಎಂದೆ. ನಾನು ಹೇಳಿದ್ದೇ ತಡ, ಇದ್ದ ಅರೆನಂಬಿಕೆಯೂ ಹೋಯಿತು. ಕೆರೆ ಕಸಿದುಕೊಳ್ಳಲು ಬಂದವಳು ಆಯಿಯನ್ನು ಕುಣಿಸುತ್ತಿದ್ದಾಳೆ ಎಂದರು. ಗಾಜಿನಂಥ ನೀರನ್ನು ತುಂಬಿಕೊಂಡು ಹೊರಟೇಬಿಟ್ಟರು.

ಆಯಿ ಅಲ್ಲೇ ನಿಂತು ನೇಮ ಹಿಡಿದಳು. ಕೆರೆಯ ನೀರು ಸೋಸಿದರೆ ಅರಿವೆಯಲ್ಲಿ ಜೀವ ಕಾಣುವತನಕ ಮಗನ ಮನೆಯ ಹನಿ ನೀರೂ ಮುಟ್ಟುವುದಿಲ್ಲ ಎಂದು. ಆ ದಿನವೇ ತನ್ನ ಕೊಡ, ತನ್ನ ಅರಿವೆ, ಎರಡು ಪಾತ್ರೆ ತೆಗೆದುಕೊಂಡು ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿದಳು. ಬಸದಿಯ ಬಾವಿಯಿಂದ ನೀರು ತಂದು ಬೇಯಿಸಿಕೊಂಡಳು. ತಾಯಿ ಮಗನ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎನ್ನುವುದು ಆ ಊರಲ್ಲಿ ಸಣ್ಣ ಮಾತಲ್ಲ. ಕೆರೆಯ ಮೆಟ್ಟಿಲಲ್ಲಿ ನಕ್ಕವರೇ ಕದ್ದು ಬಂದು ಆ ಒಲೆ ನೋಡಿ ಹೋದರು. ಇಂಥ ನೇಮವನ್ನು ಯಾರೂ ಸುಳ್ಳಿಗೆ ಹಿಡಿಯುವುದಿಲ್ಲ. ವಾರ ಕಳೆಯುವುದರೊಳಗೆ ಕೊಡಗಳೆಲ್ಲ ಬಸದಿಯ ಬಾವಿಯ ಕಡೆ ತಿರುಗಿದವು.

ಮಗ ಅವಮಾನದಿಂದ ಕುದಿದ. "ನೀವ ಬಂದ ಮ್ಯಾಲ ನಮ್ಮ ಮನಿ ಒಡೀತ್ರಿ ಅಕ್ಕಾರ. ಹೋಗ್ರಿ ಇನ್ನ" ಎಂದು ನನ್ನ ಟ್ರಂಕನ್ನು ತಾನೇ ಹೊತ್ತು ಬಸ್ ನಿಲ್ದಾಣಕ್ಕೆ ತಂದಿಟ್ಟ. ಆಯಿ ಬಾಗಿಲವರೆಗೆ ಬಂದಳು. ಅಳಲಿಲ್ಲ, ತಲೆ ಸವರಲಿಲ್ಲ. "ತಟ್ಟಿ ತೊಳದ ಇಟ್ಟಿಯಿಲ್ಲೋ? ಅದರಾಗ ಏನೂ ಉಳದಿಲ್ಲಲ್ಲ?" ಎಂದು ಕೇಳಿದಳು. ಅದೇ ಕಡೆಯ ಮಾತು. ನಾನು ಆ ಕೆರೆಯ ಬಗ್ಗೆ ಬರೆದುಕೊಟ್ಟದ್ದು ಯಾವ ಕಪಾಟು ಸೇರಿತೋ, ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ಹೋದ ವರ್ಷ ಘಟಪ್ರಭಾ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ನರೆಗೂದಲಿನವರೊಬ್ಬರು ಎದುರಿಗೆ ಬಂದು, "ಕೆರಿ ಅಕ್ಕಾರ ಅಲ್ರಿ?" ಎಂದರು. ಆಯಿಯ ಮಗ. ಚಹಾ ತರಿಸಿದರು. ಆಯಿ ತೀರಿ ಬಹಳ ವರ್ಷಗಳಾದವಂತೆ. ನಾನು ಬಿಟ್ಟು ಬಂದ ಮೇಲೂ ಕೆಲವು ವರ್ಷ ಅದೇ ಬೇರೆ ಒಲೆಯಲ್ಲೇ ಬಾಳಿದಳಂತೆ. ಇವರು ಕಬ್ಬನ್ನು ಹಿಂದಕ್ಕೆ ಸರಿಸಿದರು, ಜೊಂಡು ಮತ್ತೆ ಬಂತು, ಹಕ್ಕಿಯೂ ಬಂತು. "ಬಂದೈತಿ ಆಯಿ, ನೋಡ ಬಾ ಅಂದ್ರ, ನಿನ್ನ ಮಾತ ನಾ ನಂಬಂಗಿಲ್ಲ ಅಂತಿದ್ಲು. ಮೊಣಕಾಲು ಹೋಗಿದ್ವು, ಆಕಿಗೂ ಬರಾಕ ಆಗಲಿಲ್ಲ."

ಕಡೆಯ ದಿನ ಆಯಿ ನೀರು ಕೇಳಿದಳಂತೆ. ಹೊತ್ತು ಮುಳುಗಿದ ಮೇಲೆ ಆಕೆ ನೀರನ್ನೂ ಮುಟ್ಟುವವಳಲ್ಲ. ಇವರು ಅದಕ್ಕೆ ಮೊದಲೇ ಕೆರೆಗೆ ಓಡಿ ಕೊಡ ತುಂಬಿ ತಂದು, ಅವಳ ಅರಿವೆಯಲ್ಲೇ ಸೋಸಿದರು. "ಅರಿವ್ಯಾಗ ಏನರ ಐತೇನೋ?" ಎಂದಳಂತೆ. ಕಣ್ಣ ಹತ್ತಿರ ಹಿಡಿದು ತೋರಿಸಿದರು. ನೋಡಿ, ಎರಡು ಗುಟುಕು ಕುಡಿದಳು. ಮಗನ ಕೈನೀರು.

ನನ್ನದೂ ಹಾಳು ಸಂಶಯದ ಬುದ್ಧಿ. ಕೇಳಿಯೇಬಿಟ್ಟೆ, "ಖರೇನ ಇತ್ತೇನ್ರಿ ಅರಿವೆಯೊಳಗ?"

ಅವರು ಚಹಾದ ಲೋಟ ಕೆಳಗಿಟ್ಟರು. "ಇತ್ರಿ. ತಂದಲ್ಲೇ ಬಿಟ್ಟ ಬಾ ಅಂದ್ಲು. ಬಿಡಾಕ ಹೋದ್ಯಾ... ಹೊಳ್ಳಿ ಬರೂದ್ರಾಗ ಹೋಗಿದ್ಲು."

ನಾನು ನಂಬಿದೆ. ಸುಳ್ಳಾಗಿದ್ದರೆ ಅರಿವೆಯನ್ನು ಹಿತ್ತಲಲ್ಲಿ ಜಾಡಿಸಿ ಬಂದು ತಾಯಿಯ ತಲೆಯ ಹತ್ತಿರ ಕೂತಿರಬಹುದಿತ್ತು, ಯಾರು ನೋಡುತ್ತಿದ್ದರು?

ಮೊಸರಿನ ಅರಿವೆಯನ್ನು ಹಿಂಡಿ ಕಿಟಕಿಯ ಸರಳಿಗೆ ಒಣಹಾಕಿದೆ. ಆಯಿ ಇದ್ದಿದ್ದರೆ ಬಂದು, ಸರಿಯಾಗಿ ತೊಳೆದಿದ್ದೇನೆಯೇ ಎಂದು ಒಮ್ಮೆ ಮೂಸಿ ನೋಡುತ್ತಿದ್ದಳು. ಈಗ ನನ್ನನ್ನು ಹಾಗೆ ಸಂಶಯದಿಂದ ನೋಡುವವರು ಯಾರೂ ಇಲ್ಲ.