ಕೂತವಳ ಕಣ್ಣಿನ ಎತ್ತರ

ಬೀದಿಯವರೆಲ್ಲ ಅವಳನ್ನು ಕ್ಯಾಮೆರಾ ಅತ್ತಿಗೆ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಮೊಣಕಾಲು ಸವೆದಿತ್ತು, ನಾಲಿಗೆ ಮಾತ್ರ ಇನ್ನೂ ಹರಿತ. ಸೋದರಮಾವನ ಸ್ಟುಡಿಯೋದಲ್ಲಿ ಗುರುತಿನ ಚೀಟಿಯ ಫೋಟೋ ತೆಗೆಯುತ್ತ ಕೆಲಸ ಕಲಿತವಳು. ಮಾವ ಹೇಳಿಕೊಟ್ಟದ್ದು ಒಂದೇ ಪಾಠ: ಯಾರ ಚಿತ್ರ ತೆಗೆಯುತ್ತೀಯೋ ಮೊದಲು ಅವರ ಜಾಗದಲ್ಲಿ ಕೂತು ನೋಡು, ಆಮೇಲೆ ಕ್ಯಾಮೆರಾ ಮುಟ್ಟು. ಮೂವತ್ತು ವರ್ಷದಿಂದ ಅವಳು ಅದನ್ನು ಬಿಟ್ಟಿರಲಿಲ್ಲ. ಒಮ್ಮೆ ಮದುಮಗಳ ಕುರ್ಚಿಯಲ್ಲಿ ಕೂತು ಅವಳ ಅಜ್ಜಿಯ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದೂ ಉಂಟು.

"ನಿನ್ನ ಕ್ಯಾಮೆರಾ ಕೆಳಗಿಂದ ನೋಡಿದ್ರೆ ಕಳ್ಳನೂ ರಾಜನ ಹಾಗೆ ಕಾಣ್ತಾನೆ, ಮೇಲಿಂದ ನೋಡಿದ್ರೆ ರಾಜನೂ ಕಳ್ಳನ ಹಾಗೆ" ಎಂದು ಮನೆಯಲ್ಲಿ ಅತ್ತೆ ಛೇಡಿಸುತ್ತಿದ್ದರು. ಧಾರಾವಾಹಿ ನೋಡಿ ನೋಡಿ ಅವರೂ ಅರ್ಧ ಕ್ಯಾಮೆರಾದವರೇ ಆಗಿದ್ದರು.

ಆ ವಾರ ಅತ್ತಿಗೆಗೆ ಕರೆ ಬಂದದ್ದು ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಿಂದ. ಬಿಸಿ ರೋಲರ್ ಅತಿಯಾಗಿ ಕಾದು ಒಂದು ರಾಶಿ ಹಾಸಿಗೆ ಬಟ್ಟೆ ಸುಟ್ಟುಹೋಗಿತ್ತು. ರೋಲರಿಗೆ ಬಟ್ಟೆ ಕೊಡುತ್ತಿದ್ದ ಹೆಂಗಸು ಎಚ್ಚರಿಕೆಯ ಕೆಂಪು ದೀಪ ನೋಡಿಯೂ ಸುಮ್ಮನಿದ್ದಳು ಎಂಬುದು ಆರೋಪ. ಅವಳನ್ನು ಅಮಾನತು ಮಾಡಿದ್ದರು. ಬೇರೆ ಊರಿನಲ್ಲಿದ್ದ ಆಡಳಿತ ಮಂಡಳಿಯವರು ಜಾಗದ ಚಿತ್ರೀಕರಣ ನೋಡಿ, ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ಸೋಮವಾರ ತೀರ್ಮಾನಿಸುವವರಿದ್ದರು. ಅತ್ತಿಗೆಗೆ ಆರ್ಡರ್ ಕೊಟ್ಟವರೂ ಅವರೇ.

ಮ್ಯಾನೇಜರ್ ಬಾಗಿಲಲ್ಲೇ ಕಾದಿದ್ದರು. ಆರಡಿ ಎತ್ತರದ ಮನುಷ್ಯ, ಮಾತೂ ಅಷ್ಟೇ ಎತ್ತರದಿಂದ ಇಳಿಯುತ್ತಿತ್ತು.

"ಮೂರೇ ಶಾಟ್ ಸಾಕಮ್ಮ. ಮೊದಲು ಆ ಅಟ್ಟದ ಮೇಲಿಂದ, ಅವಳು ಕೆಲಸ ಮಾಡೋದು. ಆಮೇಲೆ ಕೆಂಪು ದೀಪ, ಪರದೆ ತುಂಬ. ಆಮೇಲೆ ಅವಳ ಮುಖ, ಹತ್ತಿರದಿಂದ. ಮುಗೀತು."

ಅತ್ತಿಗೆಗೆ ಮೈಯೆಲ್ಲ ಉರಿದುಹೋಯಿತು. ಅಟ್ಟದ ಮೇಲಿಂದ ನೋಡಿದರೆ ಆ ಹೆಂಗಸು ಸಿಕ್ಕಿಬಿದ್ದವಳಂತೆ ಮುದುಡಿ ಕಾಣುತ್ತಾಳೆ. ದೀಪದ ಹಿಂದೆಯೇ ಮುಖ ತೋರಿಸಿದರೆ, ನೋಡುವವರು ತಾವೇ ಎರಡನ್ನೂ ಹೊಲಿದುಕೊಂಡು 'ದೀಪ ಕಂಡಿದ್ದಾಳೆ' ಎಂದುಕೊಳ್ಳುತ್ತಾರೆ. ಮೂರು ತುಣುಕೂ ನಿಜ, ಜೋಡಿಸಿದರೆ ಹಸಿ ಸುಳ್ಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಕೆಲಸಕ್ಕೆ ತನ್ನ ಕ್ಯಾಮೆರಾವನ್ನೇ ಬರೆಗೋಲು ಮಾಡಹೊರಟಿದ್ದರು.

ಅಮಾನತಾದ ಹೆಂಗಸನ್ನೂ ಕರೆಸಿದ್ದರು. ಗೋಡೆಗೆ ಆತು ನಿಂತಿದ್ದಳು.

"ದೀಪ ನೋಡಿದ್ಯೇನಮ್ಮ ಅವತ್ತು?" ಎಂದು ಅತ್ತಿಗೆ ಕೇಳಿದಳು.

"ಇಲ್ಲಕ್ಕ. ನೋಡಿದ್ರೆ ಸುಮ್ಮನೆ ಕೂತಿರ್ತಿದ್ನಾ? ಆದ್ರೆ ಇವರು ಹೇಳೋದು ಕೇಳಿ ಕೇಳಿ ನನಗೇ ಅನುಮಾನ. ಅಷ್ಟು ದೊಡ್ಡ ದೀಪ ಹೇಗೆ ಕಾಣಲಿಲ್ಲ ಅಂತ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅತ್ತಿಗೆ ದೀಪ ಹಚ್ಚಲು ಹೇಳಿ, ಸೀದಾ ಹೋಗಿ ರೋಲರಿನ ಮುಂದಿನ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಬಟ್ಟೆ ಒಳಗೆ ಕೊಡುವವಳ ಹಾಗೆ ಎರಡೂ ಕೈ ಮುಂದೆ ಚಾಚಿ ಕತ್ತೆತ್ತಿದಳು. ಕಂಡದ್ದು ಹಬೆ ಹೋಗುವ ತಗಡಿನ ದಪ್ಪ ಕೊಳವೆ. ಅದರ ಹಿಂದೆ ಎಲ್ಲೋ ದೀಪ ಉರಿಯುತ್ತಿತ್ತು, ಒಂದು ಚೂರೂ ಕಾಣಲಿಲ್ಲ. ದಿನಕ್ಕೆ ಹತ್ತು ಸಲ ರೋಲರಿನ ಪಕ್ಕದಲ್ಲಿ ಓಡಾಡುವ ಮ್ಯಾನೇಜರಿಗೆ ದೀಪ ಯಾವಾಗಲೂ ಕಂಡಿತ್ತು. ಆ ಸ್ಟೂಲಿನ ಮೇಲೆ ಅವರು ಒಮ್ಮೆಯೂ ಕೂತವರಲ್ಲ.

ಅತ್ತಿಗೆ ಟ್ರೈಪಾಡಿನ ಕಾಲು ಕುಗ್ಗಿಸಿ, ಕೂತವಳ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ತಂದು ಚಾಲೂ ಮಾಡಿದಳು. ಒಂದು ನಿಮಿಷ ಬರೀ ಕೊಳವೆ. ಆಮೇಲೆ ನಿಲ್ಲಿಸದೆ, ನಡುವೆ ಎಲ್ಲೂ ಕತ್ತರಿಸದೆ, ಕ್ಯಾಮೆರಾವನ್ನು ಮೆಲ್ಲಗೆ ಮೇಲೆತ್ತಿದಳು. ನಿಂತವರ ಎತ್ತರಕ್ಕೆ ಬಂದಾಗ ಕೊಳವೆಯ ಅಂಚಿನಿಂದ ದೀಪ ಕೆಂಪಗೆ ಹೊರಬಂತು. ಗೋಡೆಗೆ ಆತಿದ್ದ ಹೆಂಗಸು ಹತ್ತಿರ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟಳು.

"ಇದನ್ನ ಯಾರು ಕೇಳಿದ್ರು? ಅಳಿಸಿ. ನಾನು ಹೇಳಿದ ಮೂರು ತೆಗೀರಿ" ಎಂದರು ಮ್ಯಾನೇಜರ್.

"ಅಳಿಸಲ್ಲ ಸರ್. ಆ ಮೂರು ತೆಗೆಯೋದೂ ಇಲ್ಲ."

"ಇನ್ನು ಮುಂದೆ ಈ ಗೇಟೊಳಗೆ ಕಾಲಿಡೋದು ಮರೆತುಬಿಡಿ."

"ಮರೆತೆ ಬಿಡಿ. ಆರ್ಡರ್ ಕೊಟ್ಟಿದ್ದು ಮಂಡಳಿಯವರು, ಅವರ ಕೈಗೇ ಕೊಟ್ಟು ಬರ್ತೀನಿ." ಮಾತಾಡುತ್ತಲೇ ಅವಳು ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿದಳು. ಮೇಲಿಂದಲೂ ಅಲ್ಲ, ಕೆಳಗಿಂದಲೂ ಅಲ್ಲ, ಸರಿಯಾಗಿ ಅವರ ಕಣ್ಣಿನ ಮಟ್ಟಕ್ಕೆ. "ಚಾಲೂ ಇದೆ ಸರ್. ದೀಪ ಕಾಣುತ್ತೆ ಅಂತೀರಲ್ಲ, ಆ ಸ್ಟೂಲಿನ ಮೇಲೆ ಕೂತು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ."

ಮ್ಯಾನೇಜರ್ ಸ್ಟೂಲು ನೋಡಿದರು. ಕಾಲರ್ ಸರಿಮಾಡಿಕೊಂಡರು. ಯಾರನ್ನೋ ಕರೆದರು, ಯಾರೂ ಬರಲಿಲ್ಲ. ಕೊನೆಗೆ ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತಿಗೆ ಬಾಗಿಲು ಮುಚ್ಚುವವರೆಗೂ ತೆಗೆದಳು.

ಸೋಮವಾರ ಮಂಡಳಿಯವರು ಪೂರ್ತಿ ನೋಡಿದರು. ಕೊಳವೆ, ದೀಪ, ಎತ್ತರ ಯಾವುದರ ಬಗ್ಗೆಯೂ ಯಾರೂ ತಕರಾರು ಎತ್ತಲಿಲ್ಲ. ಕೊನೆಯಲ್ಲಿ ಒಬ್ಬ ವಯಸ್ಸಾದ ಸದಸ್ಯೆ ಮ್ಯಾನೇಜರ್ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ನೀವು ಯಾಕೆ ಕೂರಲಿಲ್ಲ?"

ಸಂಜೆಯೊಳಗೆ ಆ ಹೆಂಗಸಿನ ಅಮಾನತು ರದ್ದಾಯಿತು. ಅತ್ತಿಗೆಗೆ ಆ ಕಾರ್ಖಾನೆಯಿಂದ ಮತ್ತೆ ಕರೆ ಬರಲಿಲ್ಲ, ಅವಳು ಕಾಯಲೂ ಇಲ್ಲ.