ನೇರಕ್ಕನ ಹೊಟ್ಟೆಯೊಳಗಿನ ಅಲೆಮಾರಿ

ನೇರಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪರದೆ ಹೊಲಿಯುವ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಬಟ್ಟೆ ಕತ್ತರಿಸಿ ಸಂಪಾದಿಸಿದ್ದು. ಅವಳು ಕತ್ತರಿ ಹಿಡಿದರೆ ದಾರ ಎಳೆದಷ್ಟು ನೇರ. ಮಾತೂ ಅಷ್ಟೇ ನೇರ, ಕೆಲವರಿಗೆ ಚುಚ್ಚುವಷ್ಟು. ನಡೆಯುವಾಗ ಕೂಡ ರಸ್ತೆಯ ಅಂಚು ಹಿಡಿದೇ ಹೋಗುತ್ತಿದ್ದಳು. ಇಂಥವಳ ಹೊಟ್ಟೆಯಲ್ಲಿ ಮೂರನೆಯದೊಂದು ಬಂದು ಸೇರಿತು ನೋಡಿ, ಅದಕ್ಕೆ ನೇರ ಎನ್ನುವ ಪದವೇ ಗೊತ್ತಿರಲಿಲ್ಲ.

ಮೊದಲೆರಡು ಹೆಣ್ಣುಮಕ್ಕಳು ಹೊಟ್ಟೆಯಲ್ಲೂ ಶಿಸ್ತಿನವರು. ಎಂಟು ತಿಂಗಳಾಗುತ್ತಲೇ ತಲೆ ಕೆಳಗೆ ಮಾಡಿ ಸರದಿಯಲ್ಲಿ ನಿಂತವರಂತೆ ಕಾದರು. ಇದು ಹಾಗಲ್ಲ. ಸೋಮವಾರ ಎಡಪಕ್ಕೆಯಲ್ಲಿ ತಲೆ, ಬಲಪಕ್ಕೆಯಲ್ಲಿ ಕಾಲು. ಬುಧವಾರ ಪಕ್ಕೆಲುಬಿನ ಕೆಳಗೆ ತಲೆ ತಂದು ಅವಳಿಗೆ ಉಸಿರು ಬಿಡಲೂ ಜಾಗ ಕೊಡದೆ ಕೂತಿತು. ಶುಕ್ರವಾರ ತಲೆ ಕೆಳಗಾಯಿತು ಎಂದು ಅವಳು ನೆಮ್ಮದಿಯಿಂದ ಕಾಲು ಚಾಚುವಷ್ಟರಲ್ಲಿ ಮತ್ತೆ ಅಡ್ಡ. ಅವಳಿಗೆ ಕೂತರೆ ಆಗದು, ನಿಂತರೆ ಆಗದು, ಎಡಮಗ್ಗುಲಾದರೆ ಅದು ಬಲಕ್ಕೆ ಒದೆಯುವುದು, ಬಲಮಗ್ಗುಲಾದರೆ ಎಡಕ್ಕೆ. ಮನೆಯಲ್ಲಿ ಎಲ್ಲರೂ ಅದಕ್ಕೆ 'ಅಲೆಮಾರಿ' ಎಂದು ಹೆಸರಿಟ್ಟರು.

"ನಿನ್ನ ಗಂಡನೂ ನನ್ನ ಹೊಟ್ಟೇಲಿ ಹೀಗೇ ಗಿರಗಿರ ತಿರುಗ್ತಿದ್ದ" ಎಂದರು ಅತ್ತೆ. "ಈಗ ನೋಡು, ಕೂತಲ್ಲಿಂದ ಏಳಲ್ಲ."

ಗಂಡ ಬಸ್ ಡ್ರೈವರ್. ಕೂತಲ್ಲಿಂದ ಏಳದಿರುವುದೇ ಅವನ ಉದ್ಯೋಗ. ಅವನೂ ನಕ್ಕ. ನಗದಿದ್ದವರು ಡಾಕ್ಟರಮ್ಮ ಒಬ್ಬರೇ.

ಮೂವತ್ತಾರನೇ ವಾರದಲ್ಲಿ ಅವರು ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು, ಆಮೇಲೆ ಸ್ಕ್ಯಾನ್ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಇದು ಮೂರನೇದು, ಹೊಟ್ಟೆ ಸಡಿಲ ಆಗಿದೆ. ಒಳಗೆ ನೀರೂ ಸ್ವಲ್ಪ ಜಾಸ್ತಿ ಇದೆ. ಅದಕ್ಕೇ ಮಗು ಈಜಾಡ್ತಿದೆ. ಈಜಾಡೋದು ತಪ್ಪಲ್ಲ. ಆದ್ರೆ ಅದು ಅಡ್ಡ ಇರುವಾಗ ನೀರು ಒಡೆದ್ರೆ, ತಲೆ ತಡೆಯೋಕೆ ಇರಲ್ಲ ನೋಡಿ, ಹೊಕ್ಕುಳಬಳ್ಳಿ ಜಾರಿ ಮೊದಲು ಹೊರಗೆ ಬರಬಹುದು. ಬಳ್ಳಿ ಒತ್ತಿಹೋದ್ರೆ ಮಗುಗೆ ಉಸಿರಿಲ್ಲ. ಆಗ ನಮ್ಮ ಕೈಲಿರೋದು ಕೆಲವೇ ನಿಮಿಷ. ಮುಂದಿನ ವಾರದಿಂದ ಇಲ್ಲೇ ಬಂದು ಇರಿ."

"ಎಷ್ಟು ದಿನ?"

"ಮಗು ನೆಟ್ಟಗೆ ನಿಲ್ಲೋ ತನಕ. ಅಥವಾ ಹೆರಿಗೆ ತನಕ."

ನೇರಕ್ಕನಿಗೆ ಸಿಟ್ಟು ಬಂತು. ಹೆದರಿಕೆಯಾದಾಗ ಅವಳಿಗೆ ಮೊದಲು ಬರುವುದು ಸಿಟ್ಟು. ಮನೆಯಲ್ಲಿ ಎರಡು ಮಕ್ಕಳು, ಅಂಗಡಿಯಲ್ಲಿ ಹೊಸ ಹೋಟೆಲೊಂದರ ಇಪ್ಪತ್ನಾಲ್ಕು ಪರದೆಗಳ ಕೆಲಸ. ಇಲ್ಲಿ ಮೈಯಲ್ಲಿ ಏನೂ ನೋವಿಲ್ಲದೆ ಹಾಸಿಗೆ ಮೇಲೆ ಬಿದ್ದಿರಬೇಕಂತೆ. "ಡಾಕ್ಟ್ರೇ, ಮಗು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತಾಗುತ್ತೆ. ಹದಿನಾಲ್ಕು ವರ್ಷದಿಂದ ಈ ಕೈ ಒಂದು ಬೆರಳಗಲ ತಪ್ಪಿಲ್ಲ. ಅಡ್ಡ ಬಂದ ತಕ್ಷಣ ಓಡಿ ಬರ್ತೀನಿ" ಎಂದಳು.

ಡ್ರೈವರ್ ಹೆಂಡತಿಯ ಬೆಂಬಲಕ್ಕೆ ನಿಂತ. "ನಮ್ಮ ಮನೆಯಿಂದ ಇಲ್ಲಿಗೆ ನಲವತ್ತೆರಡು ನಿಮಿಷ, ಡಾಕ್ಟ್ರೇ. ದಿನಾ ಓಡಿಸೋ ದಾರಿ. ಖಾಲಿ ಇದ್ರೆ ಮೂವತ್ತೆಂಟು."

"ನಾನು ಹೇಳಿದ್ದು ಕೆಲವೇ ನಿಮಿಷ ಅಂತ" ಎಂದರು ಡಾಕ್ಟರಮ್ಮ. ಗಂಡ ಹೆಂಡತಿ ಇಬ್ಬರಿಗೂ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಅವಳು ಕೆಲಸಕ್ಕೆ ಹೋದಳು. ಹೋಟೆಲಿನವರು ಆರಿಸಿದ್ದು ಹಕ್ಕಿಗಳ ಚಿತ್ರದ ಬಟ್ಟೆ, ತಿಳಿಹಳದಿಯ ಮೇಲೆ ನೀಲಿ ಹಕ್ಕಿಗಳ ಸಾಲು, ಎಲ್ಲವೂ ಮೇಲ್ಮುಖವಾಗಿ ಹಾರುವಂಥವು. ಇಂಥ ಬಟ್ಟೆಗೆ ಮೇಲು ಕೆಳಗು ಇರುತ್ತದೆ. ಬಟ್ಟೆಯನ್ನು ಚಿತ್ರವಿಲ್ಲದ ಬೆನ್ನು ಮೇಲಾಗಿ ಮೇಜಿನುದ್ದಕ್ಕೂ ಹಾಸಿ, ಅಳೆದು ಕತ್ತರಿಸಿ, ಪರದೆಯ ಮೇಲ್ಭಾಗ ಆಗಬೇಕಾದ ತುದಿಗೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗುರುತು ಹಾಕುವುದು ನೇರಕ್ಕನ ಕೆಲಸ. ಹೊಲಿಯುವವರು ಬಟ್ಟೆ ತಿರುಗಿಸಿ ನೋಡುವುದಿಲ್ಲ. ನೇರಕ್ಕನ ಗುರುತು ಎಲ್ಲಿದೆಯೋ ಅಲ್ಲಿ ನೆರಿಗೆ ಹಿಡಿಯುತ್ತಾರೆ, ಅಷ್ಟೇ. ಹದಿನಾಲ್ಕು ವರ್ಷವೂ ಅವಳು ನಿಂತದ್ದು ಮೇಜಿನ ಕಿಟಕಿಯ ಕಡೆ. ಹದಿನಾಲ್ಕು ವರ್ಷವೂ ಗುರುತು ಬಿದ್ದದ್ದು ಅವಳ ಎಡಗೈ ತುದಿಗೆ.

ಮೊದಲ ಹನ್ನೆರಡು ಸರಾಗವಾಗಿ ಮುಗಿದವು. ಮಧ್ಯಾಹ್ನ ಅಲೆಮಾರಿಗೆ ಎಚ್ಚರವಾಯಿತು. ಕಿಟಕಿಯ ಗೋಡೆಗೂ ಮೇಜಿಗೂ ನಡುವಿನ ಸಂದಿ ಮೊದಲೇ ಕಿರಿದು. ಅಲ್ಲಿ ಅವಳು ಬಗ್ಗಿದಾಗಲೆಲ್ಲ ಹೊಟ್ಟೆ ಮೇಜಿಗೆ ತಾಗುವುದು, ತಾಗಿದಲ್ಲಿಗೇ ಒಳಗಿನಿಂದ ಒದೆತ ಬೀಳುವುದು. "ಆಯ್ತಪ್ಪಾ, ನಿಂದೇ ನಡೀಲಿ" ಎಂದು ಗೊಣಗುತ್ತಾ ಅವಳು ಮೇಜಿನ ಎದುರುಬದಿಗೆ, ಬಾಗಿಲ ಕಡೆಗೆ ಬಂದಳು. ಅಲ್ಲಿ ಎತ್ತರದ ಸ್ಟೂಲ್ ಹಾಕಿಕೊಳ್ಳಲು ಜಾಗವಿತ್ತು. ಉಳಿದ ಹನ್ನೆರಡನ್ನು ಅಲ್ಲಿಂದಲೇ ಮುಗಿಸಿದಳು, ಒಂದು ಕೈ ಬಟ್ಟೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ.

ಮೂರನೇ ದಿನ ಹೊಲಿಗೆ ಮುಗಿಯಿತು. ಒಪ್ಪಿಸುವ ಮುನ್ನ ಎಲ್ಲವನ್ನೂ ಒಂದು ಸಲ ಕಂಬಿಗೆ ತೂಗುಹಾಕಿ ನೋಡುವುದು ಯಜಮಾನಮ್ಮನ ಪದ್ಧತಿ. ನೋಡಿದ ಯಜಮಾನಮ್ಮ ಹೊಲಿಗೆಯವರನ್ನೆಲ್ಲ ಊಟಕ್ಕೆ ಕಳಿಸಿ, ನೇರಕ್ಕನೊಬ್ಬಳನ್ನೇ ಒಳಗೆ ಕರೆದರು.

ಹನ್ನೆರಡು ಪರದೆಗಳಲ್ಲಿ ಹಕ್ಕಿಗಳು ಆಕಾಶಕ್ಕೆ ಹಾರುತ್ತಿದ್ದವು. ಉಳಿದ ಹನ್ನೆರಡರಲ್ಲಿ ಅದೇ ಹಕ್ಕಿಗಳು ಕಾಲು ಮೇಲೆ ಮಾಡಿ ನೆಲಕ್ಕೆ ಬೀಳುತ್ತಿದ್ದವು.

"ಇದು ನನ್ನ ಕೈ ಅಲ್ಲ" ಎಂದಳು ನೇರಕ್ಕ. ಮರುಕ್ಷಣ ಬಾಗಿಲ ಕಡೆಯ ಸ್ಟೂಲ್ ಕಣ್ಣಿಗೆ ಬಿತ್ತು. ಹೋಗಿ ಅದರ ಮೇಲೆ ಕೂತಳು. ನಿಂತ ಜಾಗ ಬದಲಾಗಿತ್ತು, ಎಡ ಬಲವಾಗಿತ್ತು. ಕೈ ಮಾತ್ರ ತನ್ನ ಹಳೇ ಅಭ್ಯಾಸದಂತೆ ಎಡತುದಿಗೆ ಗುರುತು ಹಾಕುತ್ತಾ ಹೋಗಿತ್ತು. ಒಂದು ಸಲವೂ ಅನುಮಾನ ಬಂದಿರಲಿಲ್ಲ. ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಯಜಮಾನಮ್ಮ ಬೈಯಲಿಲ್ಲ. ಬೈದಿದ್ದರೆ ಅವಳು ತಿರುಗಿ ಏನಾದರೂ ಅನ್ನುತ್ತಿದ್ದಳು, ವಿಷಯ ಬೇರೆ ದಾರಿ ಹಿಡಿಯುತ್ತಿತ್ತು.

"ಇದನ್ನ ಬಿಚ್ಚಿ ತಿರುಗಿಸಿ ಹೊಲಿಬಹುದು ಬಿಡು. ಎರಡು ದಿನದ ಕೆಲಸ" ಎಂದರು. "ಮೊನ್ನೆ ಡಾಕ್ಟ್ರ ಹತ್ರ ಏನೋ ಹೇಳಿ ಬಂದೆ ಅಂದ್ಯಲ್ಲ, ನನ್ನ ಕೈ ತಪ್ಪಲ್ಲ ಅಂತ. ಅಲ್ಲಿ ಕೈ ತಪ್ಪಿದ್ರೆ ಹೀಗೆ ಬಿಚ್ಚಿ ತಿರುಗ್ಸೋಕಾಗುತ್ತಾ? ನಾಳೆ ಬೆಳಿಗ್ಗೆ ಹೋಗಿ ಆಸ್ಪತ್ರೆ ಸೇರ್ಕೋ ತಾಯಿ. ಇಲ್ಲಿ ನಿನ್ನ ಕಂಡ್ರೆ ಟೇಪಲ್ಲೇ ಹೊಡೀತೀನಿ."

ಮರುದಿನ ಅವಳು ಹೋದಳು. ಡ್ರೈವರ್ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಇದ್ದ.

ಎಂಟು ಹಾಸಿಗೆಗಳ ವಾರ್ಡು. ಬೇರೆಯವರಿಗೆಲ್ಲ ಒಂದೊಂದು ನೋವು, ಒಂದೊಂದು ಕಾರಣ. ಇವಳಿಗೆ ಇದ್ದದ್ದು ಹೊಟ್ಟೆಯೊಳಗಿನ ತಿರುಗಾಟ ಮಾತ್ರ. ಬಂದವರು ಹೆತ್ತು ಹೋದರು, ಅವರ ಹಾಸಿಗೆಗೆ ಬೇರೆಯವರು ಬಂದರು, ಇವಳು ಅಲ್ಲೇ. ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಅರವತ್ತೊಂದು ಹೆಜ್ಜೆ ಎಂದು ಎರಡನೇ ದಿನವೇ ಗೊತ್ತಾಯಿತು. ಹಾಸಿಗೆ ಸುತ್ತಲಿನ ಹಸಿರು ಪರದೆಯ ಅಂಚು ಸೊಟ್ಟಗಿತ್ತು. ಮಲಗಿದಾಗ ಅದೇ ಕಣ್ಣಿಗೆ ಬಿದ್ದು ಅವಳ ಜೀವ ಹಿಂಡುತ್ತಿತ್ತು.

"ಸಿಸ್ಟರ್, ಒಂದು ಸೂಜಿ ಕೊಡಿ, ಸಾಕು."

"ಇಲ್ಲಿ ಸೂಜಿ ಇರೋದು ಚುಚ್ಚೋಕೆ" ಎಂದರು ಸಿಸ್ಟರ್. ಬೆಳಗಿನ ಪಾಳಿಯ ಈ ದಪ್ಪ ಕನ್ನಡಕದ ಹೆಂಗಸಿಗೆ ನಗಿಸುವುದೂ ಗೊತ್ತು, ಗದರುವುದೂ ಗೊತ್ತು. ದಿನಾ ಅವರು ಹೊಟ್ಟೆ ಮುಟ್ಟಿ ನೋಡುವ ಮೊದಲು ವಾರ್ಡಿನವರೆಲ್ಲ ಪಣ ಕಟ್ಟಿದವರಂತೆ ಕೂಗುತ್ತಿದ್ದರು. ಇವತ್ತು ಅಡ್ಡ! ಇಲ್ಲ, ಮೇಲೆ! ನೇರಕ್ಕನೂ ನಗುತ್ತಿದ್ದಳು. ನಕ್ಕು ಮುಗಿದ ಮೇಲೆ ಮತ್ತೆ ಅರವತ್ತೊಂದು ಹೆಜ್ಜೆ. ದೊಡ್ಡ ಮಗಳು ಫೋನಿನಲ್ಲಿ "ಅಮ್ಮಾ, ಅದಕ್ಕೆ ಒಂದು ಏಟು ಕೊಡು, ಸುಮ್ನಾಗುತ್ತೆ" ಎಂದಾಗ ಮಾತ್ರ ಅವಳು ಅಜ್ಜಿಗೆ ಫೋನ್ ಕೊಡು ಎಂದುಬಿಟ್ಟಳು.

ಏಳನೇ ದಿನ ತಲೆ ಕೆಳಗೆ ಬಂತು. ಎಂಟನೇ ದಿನವೂ ಅಲ್ಲೇ ಇತ್ತು. ಒಂಬತ್ತನೇ ದಿನ ಬೆಳಿಗ್ಗೆ ಡಾಕ್ಟರಮ್ಮ ನೋಡಿ, "ಪರವಾಗಿಲ್ಲ, ಬುದ್ಧಿ ಬಂದಿದೆ. ಮನೆಗೆ ಹೋಗಿ, ಮೂರು ದಿನ ಬಿಟ್ಟು ಬನ್ನಿ" ಎಂದು ಕಾಗದಕ್ಕೆ ಸಹಿ ಹಾಕಿ ಹೋದರು. ನೇರಕ್ಕ ಗಂಡನಿಗೆ ಫೋನ್ ಮಾಡಿದಳು. ಹನ್ನೆರಡೂ ಐದಕ್ಕೆ ಅವನ ಬಸ್ಸು ಆಸ್ಪತ್ರೆ ಎದುರಿನ ನಿಲ್ದಾಣಕ್ಕೆ ಬರುತ್ತದೆ. ಅದರಲ್ಲೇ ಹೋಗುವುದೆಂದು ತೀರ್ಮಾನವಾಯಿತು.

ಹತ್ತು ಗಂಟೆಗೆ ಚೀಲ ಕಟ್ಟಿ ಮುಗಿದಿತ್ತು. ಚಪ್ಪಲಿ ಹುಡುಕಲು ಬಗ್ಗಿದಳು. ಆಗ ಒಳಗೆ ಯಾರೋ ದೊಡ್ಡ ಹಾಸಿಗೆ ಮಗುಚಿ ಹಾಕಿದಂತಾಯಿತು. ಮಂಚದ ಕಂಬಿ ಹಿಡಿದು ನಿಂತಳು. ಎಡಗಡೆ ಏನೋ ಗಟ್ಟಿಯಾಗಿ ಎದ್ದು ಬಂದು ಮತ್ತೆ ಮುಳುಗಿತು. ಆಮೇಲೆ ಎಲ್ಲ ಶಾಂತ.

ಯಾರೂ ನೋಡಿರಲಿಲ್ಲ. ಪಕ್ಕದವಳು ನಿದ್ದೆಯಲ್ಲಿದ್ದಳು. ಸಹಿಯಾದ ಕಾಗದ ಚೀಲದ ಮೇಲೇ ಇತ್ತು. ನೇರಕ್ಕ ಹೊಟ್ಟೆಯ ಮೇಲೆ ಕೈಯಾಡಿಸಿದಳು. ತಲೆ ಕೆಳಗೇ ಇದೆ ಎಂದಿತು ಕೈ. ಸುಮ್ಮನೆ ಮೈಮುರಿದಿರಬೇಕು, ಅಷ್ಟೇ. ಎರಡು ಗಂಟೆ ಕಳೆದರೆ ಬಸ್ಸು. ಸಂಜೆಗೆ ಮಕ್ಕಳು ತೊಡೆಗೆ ಅಂಟಿಕೊಂಡಿರುತ್ತವೆ. ಮೂರೇ ದಿನ ತಾನೆ, ಮತ್ತೆ ಬಂದರಾಯಿತು.

ಅವಳು ಚಪ್ಪಲಿ ಹಾಕಿಕೊಂಡಳು. ಚೀಲ ಎತ್ತಿಕೊಂಡು ಮೊಗಸಾಲೆಗೆ ಬಂದಳು. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ. ಕೈ ಹೊಟ್ಟೆಯ ಮೇಲೇ ಇತ್ತು, ಅದೇ ಮಾತನ್ನೇ ಹೇಳುತ್ತಿತ್ತು, ಎಳ್ಳಷ್ಟೂ ಅನುಮಾನವಿಲ್ಲದೆ. ಹಕ್ಕಿಗಳ ದಿನವೂ ಅದಕ್ಕೆ ಹೀಗೇ ಅನುಮಾನವಿರಲಿಲ್ಲ. ನಲವತ್ತನೆಯ ಹೆಜ್ಜೆಗೆ ಅವಳು ನಿಂತಳು. ತನಗೆ ತಾನೇ ಒಂದು ಒಳ್ಳೆಯ ಬೈಗುಳ ಬೈದುಕೊಂಡು ವಾಪಸ್ಸು ಬಂದಳು.

"ಸಿಸ್ಟರ್, ಹೋಗೋ ಮುಂಚೆ ಇನ್ನೊಂದ್ಸಲ ನೋಡಿಬಿಡಿ."

"ಈಗ ತಾನೆ ಡಾಕ್ಟರ್ ನೋಡಿದ್ರಲ್ಲ?"

"ನಂಗೆ ಸರಿಯಾಗಿದೆ ಅನ್ನಿಸ್ತಿದೆ. ಅದಕ್ಕೇ ನೋಡಿ ಅಂತಿರೋದು."

ಸಿಸ್ಟರ್ ಕನ್ನಡಕದ ಮೇಲಿಂದ ಒಂದು ಕ್ಷಣ ನೋಡಿ, ಮಲಗಿಸಿ, ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿದರು. ನಗು ಹೋಯಿತು. "ಅಡ್ಡ" ಎಂದರು. ಕಾಗದವನ್ನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ನೇರಕ್ಕ ಗೋಡೆ ಕಡೆ ತಿರುಗಿ ಅತ್ತಳು. ಮಗುವಿನ ಮೇಲೆ, ಡಾಕ್ಟರಮ್ಮನ ಮೇಲೆ, ಸೊಟ್ಟ ಪರದೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು. ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಏನಾಗುತ್ತಿತ್ತು? ಹನ್ನೆರಡೂ ಐದಕ್ಕೆ ಕಂಡಕ್ಟರ್ ಓಡಿಬಂದು ವಿಚಾರಿಸಿ, "ಇವತ್ತು ಬಿಡಲ್ವಂತೆ" ಎಂಬ ಸುದ್ದಿ ಹೊತ್ತು ಹೋದ. ಕೆಳಗೆ ಬಸ್ಸು ಹೊರಟ ಸದ್ದು ಕೇಳಿತು. ಆ ಹಾರ್ನಿನಲ್ಲೇ ಗಂಡನ ಕೋಪ ಅವಳಿಗೆ ಗೊತ್ತಾಯಿತು.

ಹನ್ನೆರಡೂ ಇಪ್ಪತ್ತೈದಕ್ಕೆ ನೀರು ಒಡೆಯಿತು. ನೋವಿಲ್ಲ, ಮುನ್ಸೂಚನೆಯಿಲ್ಲ, ಬಿಂದಿಗೆ ಉರುಳಿದಂತೆ ಹಾಸಿಗೆಯೆಲ್ಲ ಒದ್ದೆ. ಅವಳು ಕೂಗುವುದಕ್ಕೂ ಸಿಸ್ಟರ್ ಬರುವುದಕ್ಕೂ ಸರಿಹೋಯಿತು. ನೋಡಿದವರೇ ಬಾಗಿಲ ಕಡೆ ತಿರುಗಿ, "ಬಳ್ಳಿ ಬಂದಿದೆ!" ಎಂದು ಕಿರುಚಿದರು. ಅವಳನ್ನು ಮಂಡಿಯೂರಿಸಿ, ತಲೆ ತಗ್ಗಿಸಿ ಸೊಂಟ ಎತ್ತಿಸಿ, ಒಂದು ಕೈಯಿಂದ ಮಗುವನ್ನು ಒಳಗೇ ತಡೆದು ಹಿಡಿದರು. ಕೈ ತೆಗೆಯದೆ ಗಾಲಿಮಂಚದ ಮೇಲೆ ತಾವೂ ಹತ್ತಿ ಕೂತರು. ಅರವತ್ತೊಂದು ಹೆಜ್ಜೆಯ ಮೊಗಸಾಲೆ ಹತ್ತು ಉಸಿರಿನಲ್ಲಿ ಕಳೆದುಹೋಯಿತು. ದೀಪಗಳು, ಡಾಕ್ಟರಮ್ಮನ ಕಣ್ಣು, ಮೂಗಿನ ಮೇಲೊಂದು ಮುಚ್ಚಳ. ಅಲ್ಲಿಗೆ ಅವಳ ನೆನಪು ನಿಂತಿತು.

ಎಚ್ಚರವಾದಾಗ ಮಧ್ಯಾಹ್ನ ಇಳಿಯುತ್ತಿತ್ತು. ಪಕ್ಕದ ತೊಟ್ಟಿಲಲ್ಲಿ ಗಂಡುಮಗು ಬಟ್ಟೆ ಸುತ್ತಿಕೊಂಡು ಮಲಗಿತ್ತು. ಸ್ಟೂಲಿನ ಮೇಲೆ ಡ್ರೈವರ್, ಸಮವಸ್ತ್ರದಲ್ಲೇ. ಕೈಗಡಿಯಾರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ.

"ಸಿಸ್ಟರ್ ಹೇಳಿದ್ರು" ಎಂದ. "ಹನ್ನೆರಡೂ ಇಪ್ಪತ್ತೈದಕ್ಕೆ ನೀರು ಒಡೀತಂತೆ. ಹನ್ನೆರಡೂ ಮೂವತ್ತೊಂಬತ್ತಕ್ಕೆ ಮಗು ಹೊರಗೆ."

"ಹೂಂ."

"ಬಸ್ಸಲ್ಲಿ ಮುಂದಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿದಿದ್ದೆ ನಿಂಗೆ. ಬರಲ್ಲ ಅಂದಾಗ ಸಿಟ್ಟು ಬಂತು. ಟವೆಲ್ ತೆಗೀಲಿಲ್ಲ, ಹಾಗೇ ಹೋದೆ." ಮುಷ್ಟಿ ಬಿಚ್ಚಿ ಗಡಿಯಾರ ನೋಡಿದ. "ಸೇತುವೆ ಮೇಲೆ ಲಾರಿ ಕೆಟ್ಟು ನಿಂತಿತ್ತು ಕಣೇ. ಹನ್ನೆರಡೂ ಇಪ್ಪತ್ತಕ್ಕೆ ನಿಂತವನು ಹನ್ನೆರಡೂ ಮುಕ್ಕಾಲಿಗೆ ಹೊರಟೆ. ಹಿಂದಕ್ಕೂ ಹೋಗೋ ಹಾಗಿಲ್ಲ, ಮುಂದಕ್ಕೂ ಹೋಗೋ ಹಾಗಿಲ್ಲ. ಅಷ್ಟು ಹೊತ್ತೂ ನನ್ನ ಪಕ್ಕದಲ್ಲಿ ಆ ಸೀಟು..."

"ಸಾಕು ರೀ" ಎಂದಳು ನೇರಕ್ಕ. "ಹೇಳ್ಬೇಡಿ."

ಅವಳು ತೊಟ್ಟಿಲ ಕಡೆ ನೋಡಿದಳು. ಇಷ್ಟು ತಿಂಗಳು ಒಂದು ಗಳಿಗೆ ತೆಪ್ಪಗಿರದವನು ಈಗ ಮಿಸುಕಾಡದೆ ನೇರವಾಗಿ ಮಲಗಿದ್ದ. ಅದನ್ನು ನೋಡಿ ಅವಳ ಎದೆ ಧಸಕ್ಕೆಂದಿತು. ಕೈ ಚಾಚಿ, ಬಟ್ಟೆ ಸರಿಸಿ, ಪುಟ್ಟ ಅಂಗಾಲನ್ನು ಮೆಲ್ಲಗೆ ಚಿವುಟಿದಳು.

ಅವನು ಒದ್ದ. ಇನ್ನೊಮ್ಮೆ ಚಿವುಟಿದಳು, ಇನ್ನೊಮ್ಮೆ ಒದ್ದ.

"ಮಲಗಿರೋ ಮಗೂನ ಯಾಕೆ ಚಿವುಟ್ತೀಯ?" ಎಂದ ಗಂಡ.

ನೇರಕ್ಕ ಆ ಕಾಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು.