ಒಳಗಿನ ಫೋಲ್ಡರಿಗೆ ಯಾರೂ ಇಳಿಯಲಿಲ್ಲ

ನಾನು ಯಾವ ಫೋಟೋನೂ ಅಳಿಸಲಿಲ್ಲ. ನನ್ನ ಮಗಳ ಗಂಡ, ನಮ್ಮ ಅಳಿಯಂದಿರು, ನಕಲು ಮಾಡುವಾಗ ಮೇಲಿಂದು ತಗೊಂಡರು, ಒಳಗಿಂದು ಬಿಟ್ಟರು, ಬೈಸಿಕೊಂಡವಳು ನಾನು. ಆಗಿದ್ದು ಇಷ್ಟೇ.

ಹಳೇಬೀಡು ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಮಗನದು ಫೋಟೋ ಸ್ಟುಡಿಯೋ. ದೇವಸ್ಥಾನ ನೋಡೋಕೆ ಬರೋರು ತಮ್ಮ ಫೋನಲ್ಲೇ ತೆಕ್ಕೊಂಡು ಹೋಗ್ತಾರೆ. ನಮ್ಮ ಹೊಟ್ಟೆ ತುಂಬೋದು ಮದುವೆ ಫೋಟೋದಿಂದ. ಬೆಳಿಗ್ಗೆ ಬೀಗ ತೆಗೆದು, ಕಸ ಗುಡಿಸಿ, ಗಂಧದ ಕಡ್ಡಿ ಹಚ್ಚೋಳು ನಾನು.

ಹೊಸ ಕಂಪ್ಯೂಟರ್ ತಂದಾಗ ಹಳೇದರಲ್ಲಿದ್ದ ಮದುವೆಗಳನ್ನೆಲ್ಲ ಅದಕ್ಕೆ ಹಾಕಬೇಕಾಯ್ತು. ಒಂದೊಂದು ಮದುವೆಗೆ ಒಂದು ಫೋಲ್ಡರ್. ಫೋಲ್ಡರ್ ಅಂದ್ರೆ ಚೀಲ ಅಂತ ತಿಳ್ಕೊಳ್ಳಿ. ಚೀಲದ ಬಾಯಲ್ಲೇ ಒಂದೆರಡು ಫೋಟೋ ಇರ್ತವೆ. ಮಿಕ್ಕಿದ್ದು ಚಪ್ಪರ, ಧಾರೆ, ಆರತಕ್ಷತೆ, ಬೀಗರೂಟ ಅಂತ ಒಳಗೆ ಬೇರೆ ಬೇರೆ ಚೀಲದಲ್ಲಿ.

ಅಳಿಯಂದಿರು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋರು. ಭಾನುವಾರ ಬಂದವರು ಮಗನಿಗೆ, "ಒಂದೊಂದೇ ಫೋಲ್ಡರ್ ಕೈಯಲ್ಲಿ ಯಾಕೋ ಎಳೀತಾ ಕೂತಿದ್ದೀಯ? ನಾನೊಂದು ಪ್ರೋಗ್ರಾಂ ಬರೀತೀನಿ, ವರ್ಷದ ಪ್ರಕಾರ ಜೋಡಿಸ್ಕೊಂಡು ತಾನೇ ಹೋಗುತ್ತೆ" ಅಂದರು. ನಾನು ಕೋಳಿ ಸಾರು ಮಾಡಿದೆ. ಊಟಕ್ಕೆ ಎಲೆ ಹಾಕೋದರೊಳಗೆ ಕೆಲಸ ಮುಗಿದಿತ್ತು. ಇಷ್ಟು ಬೇಗ ಹೆಂಗಾಯ್ತು ಅಂತ ಯಾರೂ ಕೇಳಲಿಲ್ಲ. ಮದುವೆಗಳ ಹೆಸರೆಲ್ಲ ಸಾಲಾಗಿ ಕಂಡವು, ಇಬ್ಬರಿಗೂ ಅಷ್ಟೇ ಸಾಕಾಯ್ತು. ಹಳೇ ಕಂಪ್ಯೂಟರನ್ನು ಪೂರ್ತಿ ಅಳಿಸಿ ಮಾರಿಬಿಟ್ಟರು.

ಆಮೇಲೆ ಬೇಲೂರಿಂದ ಒಬ್ಬ ಮದುವೆ ಹೆಣ್ಣಿನ ತಾಯಿ ಬಂದಳು. ಆಲ್ಬಂಗೆ ಯಾವ ಫೋಟೋ ಹಾಕೋದು ಅಂತ ಎರಡೂ ಕಡೆಯೋರು ಜಗಳಾಡಿ ತಿಂಗಳುಗಟ್ಟಲೆ ಎಳೆದಿದ್ದರು. ಮಗ ಫೋಲ್ಡರ್ ತೆರೆದ. ಛತ್ರದ ಬಾಗಿಲಿನ ತೋರಣ ಇತ್ತು, ಹೆಸರು ಬರೆದ ಬೋರ್ಡು ಇತ್ತು. ಹೆಣ್ಣೂ ಇಲ್ಲ, ಗಂಡೂ ಇಲ್ಲ. ನಾನು ಪೊರಕೆ ಹಿಡಕೊಂಡು ನಿಂತಿದ್ದೆ. ಮಗ ನನ್ನ ಕಡೆ ಕೈ ತೋರಿಸಿ, "ನಮ್ಮಮ್ಮ ಒರೆಸೋವಾಗ ಸ್ವಿಚ್ ಆರಿಸಿಬಿಟ್ಟಿದ್ದಾರೆ ಕಣಕ್ಕ, ಎಲ್ಲ ಅಳಿಸಿ ಹೋಗೈತೆ" ಅಂದ.

"ಈ ವಯಸ್ಸಲ್ಲಿ ಮನೇಲಿ ಒಂದು ಕಡೆ ಕೂತ್ಕೊಳ್ಳೋಕಾಗಲ್ವೇನಜ್ಜಿ ನಿಮಗೆ? ನನ್ನ ಮಗಳ ಧಾರೆ ಕಣಜ್ಜಿ ಅದು" ಅಂತ ಆ ಯಮ್ಮ ಅಂಗಡಿ ಮುಂದೆ ಜನ ಸೇರೋ ಹಾಗೆ ಅತ್ತಳು. ಸ್ವಿಚ್ ಒರೆಸಿದ್ದು ಹೌದಲ್ಲ, ಇದ್ದರೂ ಇರಬಹುದು ಅಂತ ನಾನೂ ನಂಬಿದೆ. ಸಂಜೆ ಮಗ ಬೀಗದ ಕೈ ಇಸ್ಕೊಂಡ. ಅಂಗಡಿ ಮೆಟ್ಟಿಲು ಹತ್ತಬೇಡ ಅಂದ.

ಮುಂದಿನ ಭಾನುವಾರ ಮಗ ಕರೆಸಿದ್ದಕ್ಕೆ ಅಳಿಯಂದಿರು ಬಂದು, ನಮ್ಮ ಮನೇಲೇ ಕೂತು ತಮ್ಮ ಪ್ರೋಗ್ರಾಂ ತೆಗೆದು ನೋಡ್ತಾ ಇದ್ದರು. ನಾನು ಕಾಫಿ ತಗೊಂಡು ಹೋದೆ.

"ಸಿಕ್ತು ಕಣೋ. ಫೋಟೋ ಕಂಡರೆ ತಗೋ ಅಂತ ಬರ್ದಿದ್ದೀನಿ. ಒಳಗೆ ಇನ್ನೊಂದು ಫೋಲ್ಡರ್ ಕಂಡರೆ ಅದರೊಳಕ್ಕೂ ಇಳಿದು ಮತ್ತೆ ಇದೇ ಕೆಲಸ ಮಾಡು ಅಂತ ಬರ್ದೇ ಇಲ್ಲ" ಅಂತ ಮಗನಿಗೆ ಹೇಳಿ ನಕ್ಕರು.

ನಾನು ಲೋಟ ಕೆಳಗಿಟ್ಟೆ. "ಅಳಿಯಂದ್ರೇ, ಮನೆ ಖಾಲಿ ಮಾಡೋರು ಪೆಟ್ಟಿಗೆ ಸಿಕ್ಕಿದ್ರೆ ಮುಚ್ಚಳ ತೆಗೀತಾರೆ. ಅದರೊಳಗೆ ಡಬ್ಬಿ ಇದ್ರೆ ಅದನ್ನೂ ತೆಗೀತಾರೆ. ಡಬ್ಬಿ ಮುಗಿಯೋ ತನಕ ತೆಗೀತಾರೆ."

"ಮನುಷ್ಯರು ತೆಗೀತಾರೆ ಅತ್ತೆ. ಇದಕ್ಕೆ ನಾವು ಹೇಳ್ಬೇಕು."

"ಹೇಳ್ಬೇಕಾದೋರು ಯಾರು?"

ಅವರು ಕಾಫಿ ಊದಿಕೊಂಡು ಕುಡಿದರು. ಮಗ ನನ್ನನ್ನು ಅಡಿಗೆಮನೆಗೆ ಕರಕೊಂಡು ಬಂದ. "ಸುಮ್ನಿರಮ್ಮ. ಭಾವನ ಹೆಸರು ಆಚೆ ಹೇಳೋಕಾಗುತ್ತಾ? ಮನೆಗೆ ಅಳಿಯ. ನಿನ್ನ ಹೆಸರಾದ್ರೆ, ವಯಸ್ಸಾದೋರು ಅಂತ ಜನ ಬಿಟ್ಟುಬಿಡ್ತಾರೆ."

"ಅವರಿಗೆ ಕೋಳಿ ಸಾರೂ ನಾನೇ ಬಡಿಸ್ಬೇಕು, ಅವರ ತಪ್ಪೂ ನಾನೇ ಹೊರಬೇಕೇನ್ಲಾ?"

"ಹೇಳಿಯಾಗೈತೆ. ಈಗ ಬದಲಾಯಿಸಿದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?"

ಅಂಗಡಿಗೆ ಮರ್ಯಾದೆ ಉಂಟು, ಅಳಿಯನಿಗೆ ಉಂಟು. ಇಷ್ಟು ವರ್ಷ ಆ ಹೊಸಿಲು ತೊಳೆದೋಳಿಗೆ ಮಾತ್ರ ಇಲ್ಲ. ವಯಸ್ಸಾಯ್ತು ಅಂದ್ರೆ ಊರಿನ ಕಸವೆಲ್ಲ ತಂದು ಸುರಿಯೋ ತಿಪ್ಪೆಯಾ ನಾನು? ನಿಜ ಗೊತ್ತಿಲ್ಲದೆ ಬೈದಿದ್ದರೆ ಇಷ್ಟು ಉರೀತಿರಲಿಲ್ಲ. ಗೊತ್ತಾದ ಮೇಲೂ ನನ್ನ ಮೇಲೇ ಇರಲಿ ಅಂದರಲ್ಲ.

ಮಾರನೇ ಬೆಳಿಗ್ಗೆ ಸೀರೆ ಬದಲಾಯಿಸಿ ಬೇಲೂರು ಬಸ್ ಹತ್ತಿದೆ. ಕೇಳಿಕೊಂಡು ಆ ಯಮ್ಮನ ಮನೆ ಹುಡುಕಿದೆ. ಒಳಗೆ ಬನ್ನಿ ಅಂದಳು, ಹೋಗಲಿಲ್ಲ. ಬಾಗಿಲಲ್ಲೇ ನಿಂತು, "ನಾನು ಸ್ವಿಚ್ ಆರಿಸಿಲ್ಲ ಕಣಮ್ಮ. ನಮ್ಮ ಅಳಿಯ ಹೊಸ ಕಂಪ್ಯೂಟರಿಗೆ ಹಾಕೋವಾಗ ಚೀಲದ ಬಾಯಲ್ಲಿದ್ದ ಫೋಟೋ ಎತ್ಕೊಂಡು ಒಳಗಿನ ಚೀಲ ಬಿಟ್ಟವ್ರೆ. ನನ್ನ ಮಗನಿಗೂ ಗೊತ್ತು. ನಿಮ್ಮ ನೆಂಟರ ಫೋನಲ್ಲೆಲ್ಲ ಧಾರೆ ಫೋಟೋ ಇರ್ತವೆ, ಕೇಳಿ ತರಿಸ್ಕೋ. ಅದರಲ್ಲೇ ನನ್ನ ಮಗ ಆಲ್ಬಂ ಮಾಡಿಕೊಡ್ತಾನೆ" ಅಂದೆ. ಮಗನನ್ನು ಕೇಳದೆ ಮಾತು ಕೊಟ್ಟೆ. ಅವನೇನು ನನ್ನ ಹೆಸರನ್ನ ನನ್ನ ಕೇಳಿ ಹೇಳಿದ್ದನೇ?

ವಾಪಸ್ ಬಂದು ನೇರ ಅಂಗಡಿಗೆ ಹೋಗಿ, ಹೊಸಿಲ ಮೇಲೆ ನಿಂತು, ಬೀಗದ ಕೈ ಕೊಡು ಅಂತ ಮಗನ ಮುಂದೆ ಕೈ ಚಾಚಿದೆ.